ಕೊಠಡಿ ಸಂಖ್ಯೆ 514

ಕೀವ್ ನಗರದಲ್ಲಿ 2019ರ ಶರತ್ಕಾಲದಲ್ಲಿ ಮೆಟ್ರೊ ಟಿಕೆಟ್ ಎಂಟು ಹ್ರಿವ್ನಿಯಾ ಇತ್ತು. ಹತ್ತಿರಕ್ಕೂ ಅಷ್ಟೇ, ಊರಾಚೆಗೂ ಅಷ್ಟೇ. ಹಾಗಾಗಿ ದಿನವೂ ಕಿಸೆಯಲ್ಲಿ ಓಡಾಡುತ್ತಿದ್ದುದು ನೀಲಿ ಬಣ್ಣದ ಐದರ ನೋಟು. ಅದರ ಮೇಲಿರುವಾತ ಬೊಹ್ದಾನ್ ಖ್ಮೆಲ್ನಿಟ್‌ಸ್ಕಿ: ಇಳಿಬಿದ್ದ ಮೀಸೆ, ಗರಿ ಸಿಕ್ಕಿಸಿದ ಟೋಪಿ. ಉಕ್ರೇನಿಯನ್ನರ ಪಾಲಿಗೆ ಅವನು 1648ರಲ್ಲಿ ಪೋಲೆಂಡಿನ ಪ್ರಭುಗಳ ವಿರುದ್ಧ ಕೊಸಾಕರನ್ನು ಎಬ್ಬಿಸಿ ನಿಲ್ಲಿಸಿದ ವೀರ. ಯಹೂದಿಗಳಿಗೆ ಅದೇ ವರ್ಷ ಊರೂರು ಕಣ್ಮರೆಯಾದ ವರ್ಷ. ಪೋಲಿಷ್ ಜಮೀನ್ದಾರ ಎಲ್ಲೋ ದೂರದಲ್ಲಿರುತ್ತಿದ್ದ. ಅವನ ಪರವಾಗಿ ಗೇಣಿ, ಸುಂಕ ಎತ್ತುತ್ತ ಹೆಂಡದಂಗಡಿ ನಡೆಸುತ್ತಿದ್ದವನು ಅನೇಕ ಕಡೆ ಯಹೂದಿ ಗುತ್ತಿಗೆದಾರ. ದಂಗೆ ಎದ್ದ ರೈತನ ಕೈಗೆ ಮೊದಲು ಸಿಕ್ಕವನೂ ಅವನೇ. ಅವನ ಜೊತೆಗೆ, ಯಾವ ಗುತ್ತಿಗೆಯ ಮುಖವನ್ನೂ ನೋಡಿರದ ದರ್ಜಿ, ಚಮ್ಮಾರ, ಬಾಣಂತಿ, ಮಕ್ಕಳು. ಸತ್ತವರು ಹತ್ತಾರು ಸಾವಿರ. ಬದುಕಿ ಓಡಿಹೋದ ನಾಥನ್ ಹ್ಯಾನೋವರ್ ಎಂಬ ಪಂಡಿತ ಆ ಕಥೆಯನ್ನೆಲ್ಲ ಬರೆದು 1653ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ.

ಸೇಂಟ್ ಸೋಫಿಯಾ ಕೆಥೆಡ್ರಲ್ ಎದುರಿನ ಚೌಕದಲ್ಲಿ ಖ್ಮೆಲ್ನಿಟ್‌ಸ್ಕಿ ಕುದುರೆ ಏರಿ ನಿಂತಿದ್ದಾನೆ. 1888ರಲ್ಲಿ ಅನಾವರಣಗೊಂಡ ಪ್ರತಿಮೆ. ಶಿಲ್ಪಿ ಮಿಖಾಯಿಲ್ ಮಿಕೆಶಿನ್ ಮೊದಲು ಮಾಡಿದ ನಕ್ಷೆಯಲ್ಲಿ ಕುದುರೆಯ ಗೊರಸಿನ ಕೆಳಗೆ ಮೂವರಿದ್ದರು: ಒಬ್ಬ ಪೋಲಿಷ್ ಪ್ರಭು, ಒಬ್ಬ ಜೆಸ್ವಿಟ್ ಪಾದ್ರಿ, ಒಬ್ಬ ಯಹೂದಿ. ಕೊನೆಗೆ ಆ ಮೂವರನ್ನೂ ಕೈಬಿಟ್ಟರು. ನಾನು ಹೋದಾಗ ಮದುವಣಗಿತ್ತಿಯೊಬ್ಬಳು ಬಿಳಿ ಗೌನಿನ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆ ಪೀಠದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಗೊರಸಿನ ಕೆಳಗೆ ಖಾಲಿ ಕಲ್ಲು.

ಚೌಕಕ್ಕೆ ಅಂಟಿಕೊಂಡ ಉದ್ದನೆಯ ಸರ್ಕಾರಿ ಕಟ್ಟಡವೊಂದಿದೆ, ಇವತ್ತು ಪೊಲೀಸರದು. 1913ರಲ್ಲಿ ಅಲ್ಲಿ ಮೆಂಡೆಲ್ ಬೈಲಿಸ್‌ನ ವಿಚಾರಣೆ ನಡೆಯಿತು. ಬೈಲಿಸ್ ಇಟ್ಟಿಗೆ ಕಾರ್ಖಾನೆಯ ಗುಮಾಸ್ತ. 1911ರ ಮಾರ್ಚ್‌ನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನ ಶವ ಗುಹೆಯೊಂದರಲ್ಲಿ ಸಿಕ್ಕಿತು. ಶವಸಂಸ್ಕಾರದ ದಿನವೇ ಜನರ ಕೈಗೆ ಕರಪತ್ರ ಬಂತು: ಯಹೂದಿಗಳು ಪಸ್ಕ ಹಬ್ಬಕ್ಕಾಗಿ ಕ್ರೈಸ್ತ ಮಕ್ಕಳ ರಕ್ತ ತೆಗೆಯುತ್ತಾರೆ ಎಂದು. ನಿಜವಾದ ಕೊಲೆಗಾರರು ಕಳ್ಳರ ಗುಂಪೊಂದರವರು ಎಂದು ತನಿಖಾಧಿಕಾರಿಗಳಿಗೇ ಗೊತ್ತಿತ್ತು. ಆದರೂ ಬೈಲಿಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕೊಳೆತ. ಹೆಚ್ಚಾಗಿ ರೈತರೇ ಇದ್ದ ಜೂರಿ ಅವನನ್ನು ಬಿಡುಗಡೆ ಮಾಡಿತು. ಕರಪತ್ರ ಬರೆದವರಿಗಿಂತ ಹಳ್ಳಿಯ ಆ ಮಂದಿಗೆ ಹೆಚ್ಚು ವಿವೇಕ ಇತ್ತು ಎನ್ನುವುದನ್ನು ಬರೆಯದೆ ಮುಂದೆ ಹೋಗಲಾರೆ.

ಕರಪತ್ರವೇ ನನ್ನನ್ನು ಅಲ್ಲಿಗೆ ಎಳೆದು ತಂದಿದ್ದು. 1911ರದಲ್ಲ, 2014ರದು.

2014ರ ಏಪ್ರಿಲ್ 17ರಂದು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಿಗೂ ಒಂದೇ ದಿನ ಮತದಾನ ನಡೆದಿತ್ತು. ಮರುದಿನದ ನಮ್ಮ ಪತ್ರಿಕೆಗಳ ತುಂಬ ಶಾಯಿ ಹಚ್ಚಿದ ಬೆರಳುಗಳು. ಅದೇ 17ರಂದು ಜಿನೀವಾದಲ್ಲಿ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಪತ್ರಕರ್ತರ ಮುಂದೆ ಒಂದು ಹಾಳೆಯ ಬಗ್ಗೆ ಮಾತಾಡಿದರು. ಪೂರ್ವ ಉಕ್ರೇನಿನ ಡೊನೆಟ್ಸ್ಕ್ ನಗರದಲ್ಲಿ, ಪಸ್ಕ ಹಬ್ಬ ಶುರುವಾಗುವ ಹೊತ್ತಿಗೆ, ಸಿನಗಾಗ್ ಹತ್ತಿರ ಮುಸುಕುಧಾರಿಗಳು ಹಂಚಿದ ಹಾಳೆ. ಪ್ರತ್ಯೇಕತಾವಾದಿಗಳು ವಾರದ ಹಿಂದಷ್ಟೇ ಘೋಷಿಸಿಕೊಂಡಿದ್ದ ‘ಡೊನೆಟ್ಸ್ಕ್ ಜನತಾ ಗಣರಾಜ್ಯ’ದ ಹೆಸರಿನಲ್ಲಿತ್ತು. ಹದಿನಾರು ದಾಟಿದ ಯಹೂದಿಗಳೆಲ್ಲ ಮೇ 3ರೊಳಗೆ ಪ್ರಾಂತ್ಯದ ಆಡಳಿತ ಭವನದ ಕೊಠಡಿ ಸಂಖ್ಯೆ 514ಕ್ಕೆ ಬಂದು ಹೆಸರು ನೋಂದಾಯಿಸಬೇಕು. 50 ಅಮೆರಿಕನ್ ಡಾಲರ್ ಶುಲ್ಕ. ಗುರುತಿನ ಚೀಟಿ, ಮನೆ ಮತ್ತು ವಾಹನದ ದಾಖಲೆ ತರಬೇಕು. ಬಾರದವರ ಪೌರತ್ವ ರದ್ದು, ಆಸ್ತಿ ಮುಟ್ಟುಗೋಲು, ಗಡೀಪಾರು. ಕಾರಣ? ಯಹೂದಿ ಮುಖಂಡರು ಕೀವ್‌ನ ಕ್ರಾಂತಿಯ ನಂತರ ಬಂದ ಹೊಸ ಸರ್ಕಾರದ ಪರ ನಿಂತಿದ್ದಾರೆ. ಕೆಳಗೆ ಡೆನಿಸ್ ಪುಷಿಲಿನ್ ಎಂಬ ಹೆಸರು, ಮೊಹರು.

ಪುಷಿಲಿನ್ ಆಗ ಆ ಗಣರಾಜ್ಯದ ಮುಖ್ಯಸ್ಥ. ಅದಕ್ಕೆ ಮುಂಚೆ ಎಂಎಂಎಂ ಎಂಬ ಕುಖ್ಯಾತ ಚೈನ್ ಸ್ಕೀಮ್‌ನಲ್ಲಿದ್ದವನು. ಆ ಹಾಳೆ ನಮ್ಮದಲ್ಲ, ನಮಗೆ ಕೆಟ್ಟ ಹೆಸರು ತರಲು ಯಾರೋ ಹೂಡಿದ ಆಟ ಎಂದ. ಡೊನೆಟ್ಸ್ಕಿನ ಮುಖ್ಯ ರಬ್ಬಿ ಪಿಂಖಾಸ್ ವಿಶೆಡ್‌ಸ್ಕಿ ಕೂಡ, ಇದೊಂದು ಕೆಣಕುವ ಕೃತ್ಯ, ಇದನ್ನು ಇಲ್ಲಿಗೇ ಬಿಡಿ ಎಂದರು. ಆದರೆ ಹಾಳೆ ಅಷ್ಟರಲ್ಲಿ ಜಗತ್ತು ಸುತ್ತಿ ಬಂದಿತ್ತು. ಜಿನೀವಾದಲ್ಲಿ ಅಮೆರಿಕ, ರಷ್ಯಾ, ಉಕ್ರೇನ್, ಐರೋಪ್ಯ ಒಕ್ಕೂಟ ಸೇರಿ ಹೊರಡಿಸಿದ ಜಂಟಿ ಹೇಳಿಕೆಯೊಳಗೂ ಯಹೂದಿ ದ್ವೇಷವನ್ನು ಖಂಡಿಸುವ ಸಾಲು ಸೇರಿತು. ಮೇ 3 ಬಂತು, ಹೋಯಿತು. ಯಾರೂ ನೋಂದಾಯಿಸಲಿಲ್ಲ, ಯಾರನ್ನೂ ಗಡೀಪಾರು ಮಾಡಲಿಲ್ಲ.

ಬರೆದವರು ಯಾರು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಪತ್ರಿಕೆಗಳೆಲ್ಲ ಆ ಒಂದೇ ಪ್ರಶ್ನೆಯ ಹಿಂದೆ ಬಿದ್ದವು: ಸಹಿ ಅಸಲಿಯೋ ನಕಲಿಯೋ, ಮೊಹರು ಯಾರದು. ನನಗೆ ಕಾಡಿದ್ದು ಬೇರೆ. ಓದಿದವರಿಗೆ ಏನಾಯಿತು? ಆ ಊರಿಗೆ ಹೋಗಿ ಕೇಳುವ ಹಾಗಿರಲಿಲ್ಲ. 2019ರಲ್ಲಿ ಡೊನೆಟ್ಸ್ಕ್ ಯುದ್ಧರೇಖೆಯ ಆಚೆ ಇತ್ತು. ಡೊನೆಟ್ಸ್ಕ್ ಬಿಟ್ಟು ಬಂದವರು ಇರುವಲ್ಲಿಗೆ ಹೋಗಬಹುದಿತ್ತು.

ಅದಕ್ಕೂ ಮೊದಲು ಬಾಬಿನ್ ಯಾರ್.

ದೊರೊಹೋಝಿಚಿ ಎಂಬ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಉದ್ಯಾನ. ಕೈಗಾಡಿಯಲ್ಲಿ ಮಕ್ಕಳನ್ನು ಕೂರಿಸಿ ತಳ್ಳುವ ತಾಯಂದಿರು, ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಬಿಡಿಸುವ ಮುದುಕರು, ಹಿಂದೆ ಎತ್ತರದ ಟೀವಿ ಗೋಪುರ. ಇಲ್ಲೊಂದು ಆಳವಾದ ಕಮರಿ ಇತ್ತೆಂದು ನಂಬುವುದು ಕಷ್ಟ. ಅದನ್ನು ಯುದ್ಧಾನಂತರ ಮಣ್ಣು ಕೆಸರು ತುಂಬಿ ಮುಚ್ಚಿದರು. 1941ರ ಸೆಪ್ಟೆಂಬರ್ 29 ಮತ್ತು 30, ಎರಡೇ ದಿನಗಳಲ್ಲಿ 33,771 ಯಹೂದಿಗಳನ್ನು ಜರ್ಮನರು ಇಲ್ಲಿ ಗುಂಡಿಕ್ಕಿ ಕೊಂದರು. ಲೆಕ್ಕ ಕೊಲೆಗಾರರದೇ, ಬರ್ಲಿನ್‌ಗೆ ಕಳಿಸಿದ ವರದಿಯಲ್ಲಿ ಬಿಡಿ ಸಂಖ್ಯೆಯೂ ಇದೆ. ಸೋವಿಯತ್ ಸರ್ಕಾರ 1976ರಲ್ಲಿ ಭಾರೀ ಸ್ಮಾರಕ ನಿಲ್ಲಿಸಿತು, ಅದರಲ್ಲಿ ಯಹೂದಿ ಎಂಬ ಹೆಸರೆತ್ತಲಿಲ್ಲ. ಸತ್ತವರೆಲ್ಲ ‘ಸೋವಿಯತ್ ನಾಗರಿಕರು’. ಏಳು ಕವಲಿನ ದೀಪಸ್ತಂಭ, ಅವರ ಮೆನೋರಾ, ಇಲ್ಲಿ ತಲೆ ಎತ್ತಿದ್ದು 1991ರಲ್ಲಿ.

ಆ ಕೊಲೆಗಳಿಗೂ ಮುಂಚೆ ಊರ ಗೋಡೆಗಳ ಮೇಲೆ ಒಂದು ಹಾಳೆ ಅಂಟಿತ್ತು. ಕೀವ್ ಮತ್ತು ಸುತ್ತಲಿನ ಯಹೂದಿಗಳೆಲ್ಲ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಮಶಾನದ ಬಳಿಯ ಬೀದಿಮೂಲೆಗೆ ಬರಬೇಕು, ದಾಖಲೆ, ಹಣ, ಬೆಲೆಬಾಳುವ ವಸ್ತು, ಬೆಚ್ಚನೆ ಬಟ್ಟೆ ತರಬೇಕು, ಬಾರದವರಿಗೆ ಗುಂಡು. ರಷ್ಯನ್, ಉಕ್ರೇನಿಯನ್, ಜರ್ಮನ್, ಮೂರೂ ಭಾಷೆಯಲ್ಲಿ. ಅದರ ಪ್ರತಿಯನ್ನು ನೋಡಿದಾಗ ನನ್ನ ಕಣ್ಣು ನಿಂತದ್ದು ಎರಡು ಕಡೆ. ಬೀದಿಯ ಹೆಸರು ತಪ್ಪಾಗಿ ಅಚ್ಚಾಗಿದೆ. ಕೆಳಗೆ ಸಹಿ ಇಲ್ಲ, ಹುದ್ದೆ ಇಲ್ಲ, ಮೊಹರು ಇಲ್ಲ. ಇದನ್ನು ಇವತ್ತಿನ ಯಾವುದಾದರೂ ಸುದ್ದಿಮನೆಯ ಸತ್ಯಪರಿಶೀಲನೆ ವಿಭಾಗಕ್ಕೆ ಕೊಟ್ಟರೆ ನಕಲಿ ಎಂದು ಷರಾ ಬರೆದು ಪಕ್ಕಕ್ಕಿಡುತ್ತಾರೆ. ಜನ ಗಂಟುಮೂಟೆ ಕಟ್ಟಿಕೊಂಡು ಅದೇ ಮೂಲೆಗೆ ಬಂದರು. ರೈಲು ಹತ್ತಿಸಿ ಬೇರೆಲ್ಲೋ ಕಳಿಸುತ್ತಾರೆಂದು ಬಹಳ ಮಂದಿ ನಂಬಿದ್ದರು.

ಹೀಗಾಗಿ 2014ರ ಹಾಳೆಯನ್ನು ಅಸಲಿ-ನಕಲಿ ಎಂಬ ತಕ್ಕಡಿಯಲ್ಲಿಟ್ಟು ಸುಮ್ಮನಾಗುವುದು ನನಗೆ ಸಾಧ್ಯವಾಗಲಿಲ್ಲ. ನೋಂದಣಿ, ಶುಲ್ಕ, ಆಸ್ತಿಪಟ್ಟಿ, ಗಡುವು: ಬರೆದವನು ಯಾವ ಪಾಳಯದವನೇ ಇರಲಿ, ಯಾವ ಗಾಯದ ಮೇಲೆ ಬೆರಳು ಒತ್ತಬೇಕೆಂದು ಬಲ್ಲವನಾಗಿದ್ದ.

ಕೀವ್‌ನಿಂದ ದ್ನಿಪ್ರೊಗೆ ಹಗಲು ರೈಲು. ಕಿಟಕಿಯಾಚೆ ಗಂಟೆಗಟ್ಟಲೆ ಕೊಯ್ಲಾದ ಸೂರ್ಯಕಾಂತಿ ಹೊಲ, ಉತ್ತಿಟ್ಟ ಕಪ್ಪು ಮಣ್ಣು. ನಮ್ಮ ಎರೆಭೂಮಿಯವರು ಕಂಡರೆ ಇಳಿದು ಹಿಡಿಮಣ್ಣು ಎತ್ತಿ ನೋಡದೆ ಬಿಡರು. ನನ್ನ ಎದುರು ಸೀಟಿನಲ್ಲಿ ಸಮವಸ್ತ್ರದ ಸೈನಿಕನೊಬ್ಬ ಇಡೀ ದಾರಿ ನಿದ್ದೆ ಹೊಡೆದ. ಅಧ್ಯಕ್ಷ ಝೆಲೆನ್‌ಸ್ಕಿ ಪೂರ್ವದ ಶಾಂತಿಗಾಗಿ ಆಗಷ್ಟೇ ಒಂದು ಸೂತ್ರಕ್ಕೆ ಒಪ್ಪಿದ್ದರು, ಅದು ಶರಣಾಗತಿ ಎಂದು ಕೀವ್‌ನ ಬೀದಿಯಲ್ಲಿ ಸಾವಿರಾರು ಜನ ಸೇರಿದ್ದರು.

ದ್ನಿಪ್ರೊ ನಿಲ್ದಾಣದಲ್ಲಿ ನನ್ನನ್ನು ಇಳಿಸಿಕೊಳ್ಳಲು ಬಂದವರು ವಿಜಯಪುರ ಜಿಲ್ಲೆಯ ಯುವ ವೈದ್ಯರು, ಸ್ನೇಹಿತರೊಬ್ಬರ ಸಂಬಂಧಿ. 2012ರಲ್ಲಿ ಎಂಬಿಬಿಎಸ್ ಓದಲು ಡೊನೆಟ್ಸ್ಕಿಗೆ ಬಂದು, 2014ರಲ್ಲಿ ಅಲ್ಲಿಂದ ಕಿತ್ತು, ದ್ನಿಪ್ರೊದಲ್ಲಿ ಕೋರ್ಸ್ ಮುಗಿಸಿ, ಹೊಸದಾಗಿ ಬರುವ ನಮ್ಮ ಹುಡುಗರಿಗೆ ಹಾಸ್ಟೆಲ್, ವೀಸಾ ಇತ್ಯಾದಿ ಮಾಡಿಕೊಡುತ್ತ ಅಲ್ಲಿಯೇ ಉಳಿದಿದ್ದರು. ರಷ್ಯನ್ ಅವರಿಗೆ ನೀರು ಕುಡಿದಷ್ಟು ಸಲೀಸು.

“ಆ ಕರಪತ್ರ ಬಂದಾಗ ನೀವು ಅಲ್ಲೇ ಇದ್ದಿರಲ್ಲ ಡಾಕ್ಟ್ರೇ?” ಎಂದೆ.

“ಇದ್ವಿ ಸರ. ಆದ್ರ ನಮಗೇನ್ ಗೊತ್ತಾಗ್ಬೇಕು. ನಾವು ಪರೀಕ್ಷೆಗೆ ಓದ್ಕೋತ ಕುಂತಿದ್ವಿ. ಪುಷ್ಕಿನ್ ಬುಲೆವಾರ್ಡ್ ಕಡೆ ಹೋಗಬ್ಯಾಡ್ರಿ ಅಂತ ಹಾಸ್ಟೆಲಿನ ಅಜ್ಜಿ ಹೇಳಿದ್ಳು. ಅಲ್ಲೇ ಐತಲ್ರಿ ಆಡಳಿತ ಭವನ, ಹನ್ನೊಂದು ಅಂತಸ್ತಿಂದು. ಸುತ್ತಲೂ ಟೈರ್ ಒಟ್ಟಿದ್ರು. ಇಂಡಿಯಾದಾಗ ಕರಪತ್ರದ ಸುದ್ದಿ ಟೀವಿಯಾಗ ಬಂದ ಮ್ಯಾಲೆ ನಮ್ಮವ್ವ ಫೋನ್ ಹಚ್ಚಿ, ನಿಮ್ಮೂರಾಗ ಯಾರನ್ನೋ ರಿಜಿಸ್ಟರ್ ಮಾಡಾಕತ್ತಾರಂತಲ್ಲೋ ಅಂದ್ಳು. ನಮ್ಮೂರಿನ ಸುದ್ದಿ ನನಗ ವಿಜಾಪುರದಿಂದ ಗೊತ್ತಾತ್ರಿ.”

ಮೇ ಕೊನೆಗೆ ಡೊನೆಟ್ಸ್ಕ್ ವಿಮಾನ ನಿಲ್ದಾಣದಲ್ಲಿ ಕದನ ಶುರುವಾಯಿತು. 2012ರ ಯೂರೊ ಫುಟ್ಬಾಲಿಗೆಂದು ಕಟ್ಟಿದ, ಇನ್ನೂ ಬಣ್ಣದ ವಾಸನೆ ಹೋಗದ ನಿಲ್ದಾಣ ಕೆಲವೇ ತಿಂಗಳಲ್ಲಿ ಕಬ್ಬಿಣದ ಅಸ್ಥಿಪಂಜರವಾಯಿತು. ಇವರೂ ಗೆಳೆಯರೂ ರೈಲು ಹಿಡಿದು ಹೊರಬಿದ್ದರು.

ದ್ನಿಪ್ರೊದ ಮೆನೋರಾ ಕೇಂದ್ರವನ್ನು ಮೊದಲ ಸಲ ನೋಡಿದಾಗ ನಗು ಬಂತು. ಏಳು ಗೋಪುರ, ನಡುವಿನದು ಎಲ್ಲಕ್ಕಿಂತ ಎತ್ತರ, ಇಪ್ಪತ್ತು ಅಂತಸ್ತು. ರಾತ್ರಿ ಊರಿಡೀ ಕಾಣುವ ದೀಪಸ್ತಂಭ. 2012ರಲ್ಲಿ ತೆರೆದದ್ದು. ಒಳಗೆ ವಸ್ತುಸಂಗ್ರಹಾಲಯ, ಹೋಟೆಲು, ಮದುವೆ ಮಂಟಪ, ಕೋಷರ್ ಊಟದ ಮನೆ, ಪ್ರವಾಸದ ಕಚೇರಿ. ಶತಮಾನಗಳ ಕಾಲ ತಲೆ ತಗ್ಗಿಸಿ ನಡೆದ ಜನ ಹಣ ಬಂದಾಗ ಹೀಗೆ ತಲೆ ಎತ್ತುತ್ತಾರೇನೋ. ಹಣ ಹಾಕಿದವರು ಇಹೋರ್ ಕೊಲೊಮೊಯ್‌ಸ್ಕಿ ಮತ್ತು ಹೆನ್ನಾದಿ ಬೊಹೊಲ್ಯುಬೊವ್, ಬ್ಯಾಂಕು-ಉಕ್ಕಿನ ಧಣಿಗಳು. ಕೊಲೊಮೊಯ್‌ಸ್ಕಿಯನ್ನು 2014ರ ಮಾರ್ಚ್‌ನಲ್ಲಿ ಕೀವ್ ಸರ್ಕಾರ ಈ ಪ್ರಾಂತ್ಯದ ಗವರ್ನರ್ ಮಾಡಿತು. ಆತ ರಷ್ಯದ ವಿಧ್ವಂಸಕನೊಬ್ಬನನ್ನು ಹಿಡಿದು ಕೊಟ್ಟವರಿಗೆ ಹತ್ತು ಸಾವಿರ ಡಾಲರ್ ಎಂದು ಡಂಗುರ ಸಾರಿದ. ನೆರೆಯ ಡೊನೆಟ್ಸ್ಕ್ ಕೈತಪ್ಪಿತು, ದ್ನಿಪ್ರೊ ಉಳಿಯಿತು. ಡೊನೆಟ್ಸ್ಕಿನ ಪ್ರಚಾರಕರಿಗೆ ಇಷ್ಟು ಸಾಕಾಯಿತು. ಅವರ ಬೈಗುಳದಲ್ಲಿ ಯಹೂದಿ ಮತ್ತು ಬಂಡೇರಾ ಎರಡೂ ಒಂದೇ ಪದವಾಗಿ ಅಂಟಿಕೊಂಡವು. ಕೊಲೊಮೊಯ್‌ಸ್ಕಿ ಆ ಬೈಗುಳವನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ತೊಟ್ಟುಕೊಂಡ. ಆತನ ವ್ಯವಹಾರಗಳ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಆ ಅಂಗಿಯ ಬಗ್ಗೆ ಇದೆ.

ಸ್ಟೆಪಾನ್ ಬಂಡೇರಾ 1930-40ರ ದಶಕದ ಉಕ್ರೇನಿಯನ್ ರಾಷ್ಟ್ರವಾದಿ ನಾಯಕ. 1941ರ ಜುಲೈನಲ್ಲಿ ಲ್ವೀವ್ ನಗರದಲ್ಲಿ ಯಹೂದಿಗಳನ್ನು ಬೀದಿಗೆಳೆದು ಹೊಡೆದು ಕೊಂದವರಲ್ಲಿ ಅವನ ಸಂಘಟನೆಯ ಪಡೆಯವರೂ ಇದ್ದರು. ಕೆಲವೇ ದಿನಗಳಲ್ಲಿ ಅವನನ್ನೇ ಜರ್ಮನರು ಹಿಡಿದು ಒಯ್ದರು. ಇವತ್ತು ಕೀವ್‌ನಲ್ಲಿ ಅವನ ಹೆಸರಿನ ದೊಡ್ಡ ರಸ್ತೆ ಇದೆ, 2016ರವರೆಗೆ ಅದು ಮಾಸ್ಕೊ ರಸ್ತೆ. ಜನವರಿ ಒಂದಕ್ಕೆ ಅವನ ಹೆಸರಿನಲ್ಲಿ ಪಂಜಿನ ಮೆರವಣಿಗೆಯೂ ನಡೆಯುತ್ತಿತ್ತು. 2014ರಲ್ಲಿ ಪೂರ್ವದ ರಂಗಕ್ಕೆ ಹೋದ ಅಜೋವ್ ಪಡೆ ತೋಳಿನ ಮೇಲೆ ನಾಜಿ ಕಾಲದ ಗುರುತನ್ನು ಧರಿಸಿತ್ತು. ಇದನ್ನೆಲ್ಲ ಮುಚ್ಚಿಟ್ಟು ಉಕ್ರೇನಿನ ಕಥೆ ಹೇಳಿದರೆ ಅದೂ ಪ್ರಚಾರವೇ. ಹಾಗೆಯೇ ಬರೀ ಇದನ್ನೇ ಹೇಳಿದರೂ. 2014ರ ಮೇ 25ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬಲಪಂಥೀಯ ಉಗ್ರ ಪಕ್ಷಗಳ ಇಬ್ಬರು ಅಭ್ಯರ್ಥಿಗಳಿಗೆ, ಒಲೆಹ್ ತ್ಯಾಹ್ನಿಬೋಕ್ ಮತ್ತು ದ್ಮಿತ್ರೊ ಯಾರೊಶ್‌ಗೆ, ಸೇರಿ ಶೇ. 2 ಮತವೂ ಬರಲಿಲ್ಲ; ಯಹೂದಿ ಸಂಘಟನೆಯ ನಾಯಕ ವಾದಿಮ್ ರಬಿನೋವಿಚ್ ಒಬ್ಬನಿಗೇ ಶೇ. 2.25 ಬಂತು. ಕರಪತ್ರ ಹಂಚಿದ ಎರಡು ವರ್ಷಕ್ಕೆ, 2016ರ ಏಪ್ರಿಲ್ 14ರಂದು, ವೊಲೊದಿಮಿರ್ ಹ್ರೊಯ್ಸ್‌ಮನ್ ಪ್ರಧಾನಿಯಾದರು, ಯಹೂದಿ. 2019ರಲ್ಲಿ ಝೆಲೆನ್‌ಸ್ಕಿ ಶೇ. 73 ಮತ ಪಡೆದು ಅಧ್ಯಕ್ಷರಾದರು, ಅವರೂ ಯಹೂದಿ.

ಮೆನೋರಾ ಕೇಂದ್ರದ ಕಾಫಿ ಅಂಗಡಿಯಲ್ಲಿ ಡಾಕ್ಟರು ನನಗೆ ಡೊನೆಟ್ಸ್ಕಿನ ಹಿರಿಯ ಹೆಂಗಸೊಬ್ಬರನ್ನು ಭೇಟಿ ಮಾಡಿಸಿದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾಲು ನೋವಿಗೆ ಡಾಕ್ಟರ ಹತ್ತಿರ ಸಲಹೆ ಕೇಳುತ್ತಿದ್ದ ಪರಿಚಯ. ಅವರ ರಷ್ಯನ್ ಮಾತು ನನಗೆ ತಲುಪಿದ್ದು ವಿಜಯಪುರದ ಕನ್ನಡದಲ್ಲಿ. ಅದನ್ನು ಹಾಗೆಯೇ ಕೊಡುತ್ತೇನೆ.

“ಕರಪತ್ರ ಇವರ ಕೈಗೇ ಬರಲಿಲ್ಲಂತ್ರಿ. ನೆರೆಮನಿಯವ್ರು ಫೋನಿನಾಗ ತೋರಿಸಿದ್ರಂತ. ಐವತ್ತು ಡಾಲರ್ ಅಂತ ಓದಿ ಇವರ ಯಜಮಾನ್ರು, ಪೆನ್ಷನ್‌ದಾರರಿಗೆ ಏನರ ರಿಯಾಯ್ತಿ ಐತೇನು ಕೇಳ್ಕೊಂಡ್ ಬಾ ಅಂದ್ರಂತ.”

ಆಕೆ ನಕ್ಕರು, ನಾವೂ ನಕ್ಕೆವು. ಆಮೇಲೆ ಆಕೆ ಚಮಚ ಬಟ್ಟಲಿನಲ್ಲಿಟ್ಟು ನಿಧಾನ ಮಾತಾಡಿದರು. ಡಾಕ್ಟರು ಅಷ್ಟೇ ನಿಧಾನವಾಗಿ ಕನ್ನಡಕ್ಕೆ ತಂದರು.

“ಹದಿನಾರು ವರ್ಷ ಅಂತ ಹಾಕಿದ್ರಲ್ಲ, ಅದನ್ನ ನೋಡಿ ಹೊಟ್ಟಿ ಕಲಸ್ತಂತ್ರಿ. ಸೋವಿಯತ್ ಕಾಲದಾಗ ಪಾಸ್‌ಪೋರ್ಟ್ ಕೊಡ್ತಿದ್ದುದು ಹದಿನಾರಕ್ಕ. ಅದ್ರಾಗ ಐದನೇ ಕಲಂ ಇರ್ತಿತ್ತು, ನೀ ಯಾವ ಜನಾಂಗದಾಕಿ ಅಂತ. ಕಚೇರಿಯಾಕಿ ಇವರಿಗೆ ಕೇಳದನ ಯಹೂದಿ ಅಂತ ಬರದ್ಲಂತ. ಅದರ ಮ್ಯಾಲೆ ಇವರಿಗೆ ಬೇಕಾದ ಕಾಲೇಜಿನಾಗ ಸೀಟ್ ಸಿಗಲಿಲ್ಲ. ನಾ ಏನ್ ಹೊಸದಾಗಿ ರಿಜಿಸ್ಟರ್ ಆಗ್ಬೇಕೋ ಮಗನ, ಹದಿನಾರಕ್ಕ ಆದಾಕಿ ಇನ್ನೂ ಆಗೇ ಇದೀನಿ ಅಂತಾರ.”

ಕರಪತ್ರ ನಕಲಿ ಎಂದು ಆಕೆಗೆ ಆ ಸಂಜೆಯೇ ಅನಿಸಿತ್ತು. ಆದರೂ ಬೆಳಗಾಗುವುದರೊಳಗೆ ಮನೆಯ ಕಾಗದಪತ್ರ, ಅಮ್ಮನ ಜನನ ಪ್ರಮಾಣಪತ್ರ, ಔಷಧಿ ಎಲ್ಲ ಒಂದು ಕೈಚೀಲದಲ್ಲಿ ಸೇರಿದ್ದವು. ಯಾಕೆಂದು ಕೇಳಿದ್ದಕ್ಕೆ ಭುಜ ಹಾರಿಸಿದರು. ಅಮ್ಮನನ್ನು 1941ರಲ್ಲಿ ಕಾರ್ಖಾನೆಯವರು ರೈಲಿನಲ್ಲಿ ಪೂರ್ವಕ್ಕೆ ಸಾಗಿಸಿದ್ದರಿಂದ ಉಳಿದರಂತೆ. ಊರಲ್ಲಿ ಉಳಿದವರು? ಆ ಊರಿಗೆ ಆಗ ಸ್ಟಾಲಿನೊ ಎಂದು ಹೆಸರು. ಅಲ್ಲಿ ಜರ್ಮನರು ಜನರನ್ನು ಕೊಂದು, ಕೆಲವರನ್ನು ಜೀವಂತವೇ, 4-4 ಬಿಸ್ ಎಂಬ ಕಲ್ಲಿದ್ದಲು ಗಣಿಯ ಬಾವಿಗೆ ಎಸೆದರು. ಗಣಿಯೂರಿನಲ್ಲಿ ಕಮರಿ ಹುಡುಕುವ ಅಗತ್ಯ ಬೀಳಲಿಲ್ಲ.

ಆಕೆ ಊರು ಬಿಟ್ಟದ್ದು ಕರಪತ್ರಕ್ಕೆ ಹೆದರಿ ಅಲ್ಲ. ಆಗಸ್ಟ್‌ನಲ್ಲಿ ಪಕ್ಕದ ಬೀದಿಗೆ ಶೆಲ್ ಬಿತ್ತು. ರಬ್ಬಿ ವಿಶೆಡ್‌ಸ್ಕಿಯೂ ಆ ವರ್ಷವೇ ಕೀವ್‌ಗೆ ಬಂದು, ಚೆಲ್ಲಾಪಿಲ್ಲಿಯಾದ ಡೊನೆಟ್ಸ್ಕಿನವರನ್ನು ಅಲ್ಲಿ ಒಟ್ಟುಗೂಡಿಸಿದರು. “ನಮ್ಮನ್ನ ಹಿಂಸಿಸಿದವರು ಯಹೂದಿಗಳು ಅಂತ ಹಿಂಸಿಸಲಿಲ್ಲ. ಶೆಲ್ಲಿಗೆ ಐದನೇ ಕಲಂ ಇರಲಿಲ್ಲ” ಎಂದು ಆಕೆ ಹೇಳಿದ್ದನ್ನು ಡಾಕ್ಟರು ಎರಡು ಸಲ ಅನುವಾದಿಸಿದರು, ಮೊದಲ ಸಲ ತಮಗೇ ಸಮಾಧಾನವಾಗದೆ.

ಸಂಗ್ರಹಾಲಯದ ಕೋಣೆಗಳಲ್ಲಿ ಸುತ್ತುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆ ವರ್ಷ ಯಹೂದಿಗಳ ಮೇಲೆ ನಿಜವಾಗಿ ನಡೆದ ಕೃತ್ಯಗಳಿಗೇನೂ ಕಡಿಮೆ ಇರಲಿಲ್ಲ. ಫೆಬ್ರವರಿಯಲ್ಲಿ ಜಪೊರಿಝಿಯಾ ಸಿನಗಾಗ್‌ಗೆ ಪೆಟ್ರೋಲ್ ಬಾಂಬ್. ಅದೇ ತಿಂಗಳ ಕೊನೆಗೆ ರಷ್ಯದ ಸೈನಿಕರು ಕ್ರಿಮಿಯಾದಲ್ಲಿ ಕಾಲಿಟ್ಟ ಹೊತ್ತಿಗೆ ಸಿಂಫರೋಪೊಲ್ ಸಿನಗಾಗ್ ಬಾಗಿಲಿಗೆ ಸ್ವಸ್ತಿಕ ಬಳಿದು ಸಾವು ಬಯಸಿದ ಬರಹ. ಏಪ್ರಿಲ್‌ನಲ್ಲಿ ಮಿಕೊಲಾಯಿವ್ ಸಿನಗಾಗ್‌ಗೆ ಬೆಂಕಿ. ಪ್ರತಿಯೊಂದರ ನಂತರವೂ ಆಗುತ್ತಿದ್ದುದು ಒಂದೇ: ಮಾಸ್ಕೊ ಕೀವ್ ಕಡೆ ಬೆರಳು ತೋರಿಸುವುದು, ಕೀವ್ ಮಾಸ್ಕೊ ಕಡೆ. ಮಾರ್ಚ್‌ನಲ್ಲಿ ಕ್ರಿಮಿಯಾ ಜನಮತಗಣನೆಗೆ ಮುನ್ನ ಬೀದಿಬದಿಯ ಫಲಕಗಳಲ್ಲಿ ಎರಡು ನಕಾಶೆ ಇದ್ದವು, ಒಂದರ ಮೇಲೆ ಸ್ವಸ್ತಿಕ ಮತ್ತು ಮುಳ್ಳುತಂತಿ, ಇನ್ನೊಂದರ ಮೇಲೆ ರಷ್ಯದ ಬಾವುಟ, ಆರಿಸಿಕೊಳ್ಳಿ. ಮಾರ್ಚ್ 18ರ ಭಾಷಣದಲ್ಲಿ ಪುಟಿನ್, ಕೀವ್‌ನಲ್ಲಿ ದಂಗೆ ನಡೆಸಿದವರು ನವನಾಜಿಗಳು, ಯಹೂದಿ ದ್ವೇಷಿಗಳು ಎಂದರು. ಆ ಭಾಷಣಕ್ಕೂ ಮೊದಲೇ, ಇಂಥದೇ ಮಾತು ಕೇಳಿ, ಯೊಸಿಫ್ ಜಿಸೆಲ್ಸ್ ಮೊದಲಾದ ಉಕ್ರೇನಿನ ಯಹೂದಿ ಮುಖಂಡರು ಪುಟಿನ್‌ಗೆ ಬಹಿರಂಗ ಪತ್ರ ಬರೆದಿದ್ದರು: ನಮ್ಮ ಹೆಸರಿನಲ್ಲಿ ನಮ್ಮನ್ನು ರಕ್ಷಿಸಲು ಬರಬೇಡಿ ಎಂಬುದು ಅದರ ತಾತ್ಪರ್ಯ. ಪತ್ರಕ್ಕೆ ಕಿವಿಗೊಟ್ಟವರಾರು? ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ.

ಇನ್ನು ಪ್ರತ್ಯೇಕತಾವಾದಿಗಳ ಸ್ವಂತ ಬಾಯಿ. ಯಹೂದಿ ದ್ವೇಷಿ ಕೀವ್‌ನಿಂದ ಬಿಡುಗಡೆ ಬೇಕೆಂದವರು ಒಂದು ವರ್ಷ ತುಂಬುವುದರೊಳಗೆ, ಕೀವ್ ಇರುವುದೇ ಯಹೂದಿಗಳ ಕೈಯಲ್ಲಿ ಎನ್ನತೊಡಗಿದರು. 2015ರ ಫೆಬ್ರವರಿಯಲ್ಲಿ ಡೊನೆಟ್ಸ್ಕಿನ ನಾಯಕ ಅಲೆಕ್ಸಾಂಡರ್ ಜಖಾರ್ಚೆಂಕೊ, ಉಕ್ರೇನನ್ನು ಆಳುತ್ತಿರುವವರು ಆ ಮಹಾನ್ ಜನಾಂಗದ ದರಿದ್ರ ಪ್ರತಿನಿಧಿಗಳು, ಅವರು ಕತ್ತಿ ಹಿಡಿದದ್ದೇ ಇಲ್ಲ ಎಂಬರ್ಥದ ಮಾತಾಡಿದ. ಅದೇ ವರ್ಷದ ಬೇಸಿಗೆಯಲ್ಲಿ ನೆರೆಯ ಲುಹಾನ್‌ಸ್ಕಿನ ಪ್ರತ್ಯೇಕತಾವಾದಿ ನಾಯಕ ಇಹೋರ್ ಪ್ಲೊಟ್ನಿಟ್‌ಸ್ಕಿ ವಿದ್ಯಾರ್ಥಿಗಳ ಮುಂದೆ, ಕೀವ್‌ನ ಕ್ರಾಂತಿಯೇ ಯಹೂದಿಗಳದು ಎಂದು ನಾಯಕರ ಹೆಸರುಗಳನ್ನು ಎಣಿಸಿದ. ವೈರಿ ನಾಜಿಯೂ ಹೌದು, ಯಹೂದಿಯೂ ಹೌದು. ಎರಡೂ ಆರೋಪ ಒಂದೇ ವೇದಿಕೆಯ ಮೇಲೆ ಜಗಳವಿಲ್ಲದೆ ಕೂತವು. ತರ್ಕ ಕೇಳುವವರಿಗೆ ಪ್ರಚಾರದಲ್ಲಿ ಜಾಗವಿಲ್ಲ. ಬೇಕಾದದ್ದು ಎರಡೇ, ಭಯ ಮತ್ತು ಹೇಸಿಗೆ. ಒಂದಕ್ಕೆ ನಾಜಿ ಎಂಬ ಹೆಸರು ಒದಗುತ್ತದೆ, ಇನ್ನೊಂದಕ್ಕೆ ಯಹೂದಿ.

ಕರಪತ್ರವನ್ನು ಎತ್ತಿ ತೋರಿಸಿದ ಇನ್ನೊಂದು ಕಡೆಯವರೂ ನನಗೆ ಪೂರಾ ಇಷ್ಟವಾಗುವುದಿಲ್ಲ. ರಬ್ಬಿಯೇ ಇದನ್ನು ಬೆಳೆಸಬೇಡಿ ಎಂದಾಗ ಒಂದು ದಿನ ತಡೆದು, ಫೋನು ಹಚ್ಚಿ ಕೇಳಿ, ಆಮೇಲೆ ಮಾತಾಡಬಹುದಿತ್ತು. ಕೆರಿಗೆ ಜಿನೀವಾದಲ್ಲಿ ಆ ದಿನ ಒಂದು ಆಯುಧ ಬೇಕಿತ್ತು, ಸಿಕ್ಕಿತು. ಡೊನೆಟ್ಸ್ಕಿನ ಗಣಿತ ಮೇಡಂ ರಾತ್ರಿ ಕೈಚೀಲ ತುಂಬಿಟ್ಟದ್ದರ ಲೆಕ್ಕ ಯಾರ ಹೇಳಿಕೆಯಲ್ಲೂ ಇಲ್ಲ.

ದ್ನಿಪ್ರೊ ಬಿಡುವ ಮುನ್ನ ಸಸ್ಯೋದ್ಯಾನದ ಪಕ್ಕ ಹೋಗಿದ್ದೆ. 1941ರ ಅಕ್ಟೋಬರ್ 13-14ರಂದು ಈ ಊರಿನ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದ ಜಾಗ. ಹುಡುಗರು ಕಾಲೇಜು ಮುಗಿಸಿ ಅಲ್ಲಿಂದಲೇ ಹಾದು ಹೋಗುತ್ತಿದ್ದರು. ಡಾಕ್ಟರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ. ಪರೀಕ್ಷೆಯ ದಿನ ಬೆಳಿಗ್ಗೆ ಅಲ್ಲಿಯೇ ಕೂತು ಓದುತ್ತಿದ್ದರಂತೆ. ಆ ಸಂಜೆ ಅವರು ಹೆಚ್ಚು ಮಾತಾಡಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿದ್ದದ್ದೇ. 2022ರ ಫೆಬ್ರವರಿ 24ರಂದು ಉಕ್ರೇನನ್ನು ನಾಜಿಗಳಿಂದ ಬಿಡಿಸುತ್ತೇವೆ ಎಂದು ಹೇಳಿ ರಷ್ಯ ಒಳನುಗ್ಗಿತು. ಮಾರ್ಚ್ 1ರಂದು ಬಾಬಿನ್ ಯಾರ್ ಪಕ್ಕದ ಟೀವಿ ಗೋಪುರದ ಮೇಲೆ ಕ್ಷಿಪಣಿ ಬಿತ್ತು, ಐವರು ಸತ್ತರು. ಅದೇ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿಗೆಂದು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಆ ಸಂಜೆ ಕರ್ನಾಟಕದ ಮನೆಮನೆಯ ಟೀವಿಯಲ್ಲಿ ಅದೊಂದೇ ಸುದ್ದಿ. ಆ ತಿಂಗಳ ಕೊನೆಗೆ ಖಾರ್ಕಿವ್ ಹೊರವಲಯದ ದ್ರೊಬಿಟ್‌ಸ್ಕಿ ಯಾರ್‌ನ ಮೆನೋರಾಕ್ಕೂ ಏಟು ಬಿತ್ತು, ಅಲ್ಲಿಯೂ ನಾಜಿಗಳು ಸಾವಿರಾರು ಯಹೂದಿಗಳನ್ನು ಕೊಂದಿದ್ದರು. ಮೇ 1ರಂದು ಇಟಲಿಯ ಟೀವಿಯಲ್ಲಿ ರಷ್ಯದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್ ಅವರನ್ನು ಕೇಳಿದರು: ಅಧ್ಯಕ್ಷನೇ ಯಹೂದಿಯಾಗಿರುವ ದೇಶ ನಾಜಿ ಹೇಗಾಗುತ್ತದೆ? ಹಿಟ್ಲರನಲ್ಲೂ ಯಹೂದಿ ರಕ್ತ ಇತ್ತು ಎಂದು ಉತ್ತರ ಬಂತು. ಪ್ರತ್ಯೇಕತಾವಾದಿಗಳು ಬೇರೆ ಬೇರೆ ಭಾಷಣಗಳಲ್ಲಿ ಹೇಳಿದ್ದನ್ನು ಲಾವ್ರೊವ್ ಒಂದೇ ವಾಕ್ಯದಲ್ಲಿ ಮುಗಿಸಿದರು.

ಸೆಪ್ಟೆಂಬರ್ 30ರಂದು ಕ್ರೆಮ್ಲಿನ್ ಸಭಾಂಗಣದಲ್ಲಿ ಡೊನೆಟ್ಸ್ಕ್ ಸೇರಿ ನಾಲ್ಕು ಪ್ರಾಂತ್ಯಗಳನ್ನು ರಷ್ಯಕ್ಕೆ ಸೇರಿಸಿಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಡೊನೆಟ್ಸ್ಕ್ ಪರವಾಗಿ ಸಹಿ ಹಾಕಿದವನು ಡೆನಿಸ್ ಪುಷಿಲಿನ್.

ಡಾಕ್ಟರು ಯುದ್ಧ ಶುರುವಾದ ಮೇಲೆ ತಮ್ಮ ಹುಡುಗರನ್ನೆಲ್ಲ ಗಡಿ ದಾಟಿಸಿ, ಕೊನೆಗೆ ತಾವೂ ಊರಿಗೆ ಬಂದರು. ಗಣಿತ ಮೇಡಂ ಇಸ್ರೇಲಿನಲ್ಲಿರುವ ಮಗಳ ಮನೆ ಸೇರಿದರಂತೆ, ಕಾಲು ನೋವಿನ ಫೋಟೊ ಈಗಲೂ ಕಳಿಸುತ್ತಾರಂತೆ. ಕಳೆದ ಸಲ ಫೋನು ಮಾಡಿದಾಗ ಡಾಕ್ಟರು ಬೇರೊಂದು ಸಂಗತಿ ಹೇಳಿದರು. ಯುದ್ಧದ ಮೊದಲ ವಾರಗಳಲ್ಲಿ ಅವರ ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಸೋದರಮಾವ ಎರಡು ಸಂದೇಶ ಹಾಕಿದ್ದರಂತೆ, ಒಂದು ಬೆಳಿಗ್ಗೆ, ಒಂದು ರಾತ್ರಿ ಊಟದ ಹೊತ್ತಿಗೆ. ಬೆಳಗಿನದರಲ್ಲಿ, ಉಕ್ರೇನಿನ ತುಂಬ ನಾಜಿಗಳೇ ಇದ್ದಾರೆ ಎಂದು. ರಾತ್ರಿಯದರಲ್ಲಿ, ಉಕ್ರೇನ್ ಪೂರಾ ಯಹೂದಿಗಳ ಮುಷ್ಟಿಯಲ್ಲಿದೆ ಎಂದು.

“ನಾ ಮಾಮಾಗ ಫೋನ್ ಹಚ್ಚಿ ಕೇಳ್ದೆ ಸರ, ಮಾಮಾ, ಇವೆರಡರಾಗ ಯಾವ್ದು ಖರೆ ಅಂತ.”

“ಏನಂದ್ರು?”

“ನೀ ಅಲ್ಲೇ ಹತ್ತು ವರ್ಷ ಇದ್ದು ಬಂದೀ, ನಿನಗ ಗೊತ್ತಿಲ್ಲೇನೋ, ಎರಡೂ ಖರೇನ ಅಂದ್ರು.”